ಟಿವಿ ಹೆಡ್‌ಫೋನ್‌ಗೆ ಬಾಲಣ್ಣನ ಪರೀಕ್ಷೆ

ಟಿವಿ ನೋಡುವಾಗ ಕಿವಿಗೆ ಹಾಕಿಕೊಳ್ಳುವ ವೈರ್‌ಲೆಸ್ ಹೆಡ್‌ಫೋನ್ ಬಗ್ಗೆ ಇದು. ಬೆಲೆ ಎಂಟು ಸಾವಿರ ಚಿಲ್ಲರೆ. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ನಮೂನೆಯ ಸೆಟ್ಟು ನಾಲ್ಕಾರು ಹೆಸರಲ್ಲಿ ಸಿಗುತ್ತದೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ಕೊಳ್ಳುವ ಮುಂಚೆ ನಾಲ್ಕು ಜನ ಬರೆದದ್ದನ್ನು ಓದಿದೆ. ಎಲ್ಲರೂ ಹಾಡು ಹಾಕಿ ನೋಡಿದ್ದಾರೆ, ಬಾಂಬ್ ಸಿಡಿಯುವ ಸಿನಿಮಾ ಹಾಕಿ ನೋಡಿದ್ದಾರೆ, 'ಬಾಸ್ ಸೂಪರ್' ಅಂತ ಐದು ಸ್ಟಾರ್ ಕೊಟ್ಟಿದ್ದಾರೆ. ಕಿವಿ ಮಂದ ಇರುವವನಿಗೆ ಬಾಸ್, ಅಂದರೆ ದಪ್ಪ ದನಿಯ ಗುಮ್ಮು, ಕಟ್ಟಿಕೊಂಡು ಏನಾಗಬೇಕು? ಮಾತು ತಿಳಿಯುತ್ತದೋ ಇಲ್ಲವೋ ಹೇಳಿ. ಅದನ್ನು ಯಾರೂ ಹೇಳಿಲ್ಲ. ಹಾಗಾಗಿ ನಾನು ಹಳೆಯ ಕನ್ನಡ ಸಿನಿಮಾ ನಟ ಟಿ.ಎನ್. ಬಾಲಕೃಷ್ಣ, ಅಂದರೆ ನಮ್ಮ ಬಾಲಣ್ಣ, ಅವರ ಸಿನಿಮಾಗಳನ್ನು ಹಾಕಿಕೊಂಡು ನೋಡಿದೆ.

ಯಾಕೆ ಬಾಲಣ್ಣ ಅಂತ ಹೇಳುತ್ತೇನೆ. ಮೊದಲು ನನ್ನ ಕಿವಿ ಎಂಥದ್ದು ಅನ್ನುವುದನ್ನು ಹೇಳಿಬಿಡುತ್ತೇನೆ. ನಿಮ್ಮ ಕಿವಿಯೂ ಹಾಗೇ ಇದ್ದರೆ ಮಾತ್ರ ಈ ಬರಹ ನಿಮಗೆ ಉಪಯೋಗ.

ನಾನು ಅರಸೀಕೆರೆಯಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದವನು. ಈಗ ಮಗ ನೋಡಿಕೊಳ್ಳುತ್ತಾನೆ. ರಾಗಿ, ಗೋಧಿ, ಅಕ್ಕಿ, ಖಾರದ ಪುಡಿ. ಮೋಟಾರು, ಬೆಲ್ಟು, ಕಲ್ಲು ಮೂರೂ ಸೇರಿ ಬೆಳಗ್ಗೆಯಿಂದ ಸಂಜೆ ತನಕ ಒಂದೇ ಸಮ ಗದ್ದಲ. ಕಿವಿಗೆ ಹತ್ತಿ ಇಟ್ಟುಕೊಳ್ಳುವ ಅಭ್ಯಾಸ ಆಗ ಯಾವ ಮಿಲ್ಲಿನವನಿಗೂ ಇರಲಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿದಾಗ ಒಂದು ಗ್ರಾಫ್ ಕೈಗೆ ಕೊಟ್ಟರು. ಎಡಗಡೆಯಿಂದ ಗೆರೆ ಚೆನ್ನಾಗಿಯೇ ಬರುತ್ತದೆ. 4,000 ಹರ್ಟ್ಸ್, ಅಂದರೆ ಕೀರಲು ದನಿಯ ಜಾಗದ ಹತ್ತಿರ ಬಂದಾಗ ಹಳ್ಳಕ್ಕೆ ಬಿದ್ದ ಹಾಗೆ ಕೆಳಗೆ ಹೋಗುತ್ತದೆ. ಸದ್ದಿನಲ್ಲಿ ದುಡಿದವರ ಕಿವಿ ಮೊದಲು ಕೆಡುವುದೇ ಅಲ್ಲಿ ಎಂದರು.

ಅಂದರೆ ನನಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸ, ಶ, ಚ ಇವೆಲ್ಲ ಆ ಹಳ್ಳದಲ್ಲೇ ಇರುವ ಅಕ್ಷರಗಳು. ಸಾಕು, ಹಾಕು, ಚಾಕು ಮೂರೂ ನನಗೆ 'ಆಕು'. ಟಿವಿ ವಾಲ್ಯೂಮ್ ಜಾಸ್ತಿ ಮಾಡಿದರೆ 'ಆಕು' ದೊಡ್ಡದಾಗಿ ಕೇಳುತ್ತದೆ ಅಷ್ಟೇ. ಪಕ್ಕದ ಮನೆಯವರಿಗೂ ಕೇಳುತ್ತದೆ.

ಮಿಲ್ಲಿನಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದೆ. ಡಬ್ಬಿ ಹಿಡಿದು ನಿಂತ ಹೆಂಗಸರು ಏನು ಹೇಳಿದರೂ ಅವರ ತುಟಿ ನೋಡುತ್ತಿದ್ದೆ. ನುಣ್ಣಗೆ ಬೇಕಾ, ತರಿ ಬೇಕಾ, ಸಂಜೆ ಬರುತ್ತಾರಾ, ಎಲ್ಲ ತುಟಿಯಲ್ಲೇ ಗೊತ್ತಾಗುತ್ತಿತ್ತು. ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡವರ ಹತ್ತಿರ ಮಾತ್ರ ಕಷ್ಟ.

ಬಾಲಣ್ಣ ಅದೇ ದಾರಿಯಲ್ಲಿ 500ಕ್ಕೂ ಹೆಚ್ಚು ಸಿನಿಮಾ ಮಾಡಿದವರು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತು ಯಾವಾಗ ಬರಬೇಕೋ ಆಗಲೇ ಹೇಳುತ್ತಿದ್ದರು. ಜೊತೆಗೆ ನಮ್ಮೂರಿನವರು. ಅರಸೀಕೆರೆಯಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಬೋರ್ಡು ಬರೆದು, ನಾಟಕ ಕಂಪನಿ ಸೇರಿ, 1943ರ 'ರಾಧಾರಮಣ'ದಿಂದ ಸಿನಿಮಾಕ್ಕೆ ಬಂದವರು. ಮಾತಿನ ಪರೀಕ್ಷೆಗೆ ಇವರನ್ನು ಬಿಟ್ಟು ಇನ್ನು ಯಾರನ್ನು ಇಟ್ಟುಕೊಳ್ಳಲಿ?

ಈಗ ವಸ್ತುವಿಗೆ ಬರೋಣ. ಡಬ್ಬಿಯಲ್ಲಿ ಎರಡು ಭಾಗ ಇವೆ. ಒಂದು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಇನ್ನೊಂದು ಟಿವಿ ಪಕ್ಕ ಇಡುವ ಸ್ಟ್ಯಾಂಡು. ಸ್ಟ್ಯಾಂಡಿನಿಂದ ಟಿವಿಗೆ ಆಪ್ಟಿಕಲ್ ವೈರು, ಅಂದರೆ ಬೆಳಕಿನ ಮೂಲಕ ಸದ್ದು ಸಾಗಿಸುವ ವೈರು, ಹೋಗುತ್ತದೆ. ನೋಡಿ ಮುಗಿಸಿದ ಮೇಲೆ ಹೆಡ್‌ಫೋನನ್ನು ಸ್ಟ್ಯಾಂಡಿಗೆ ನೇತುಹಾಕಿದರೆ ಚಾರ್ಜ್ ಆಗುತ್ತದೆ. ಇದು ನಿಜಕ್ಕೂ ಒಳ್ಳೆಯ ಏರ್ಪಾಡು. ಚಾರ್ಜರ್ ಪಿನ್ನು ಹುಡುಕಿ, ಕನ್ನಡಕ ಹಾಕಿಕೊಂಡು ಸಣ್ಣ ತೂತಿಗೆ ತೂರಿಸುವ ತಾಪತ್ರಯ ವಯಸ್ಸಾದವರಿಗೆ ಬೇಡ.

ಜೋಡಿಸಿದಾಗ ಮೊದಲು ಏನೂ ಕೇಳಲಿಲ್ಲ. ಸೊಸೆ ಬಂದು ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಾಲ್ಬಿ ಅಂತ ಇದ್ದದ್ದನ್ನು ಪಿಸಿಎಂ ಅಂತ ಮಾಡಿದಳು. ಎರಡೂ ಟಿವಿ ಸದ್ದನ್ನು ಹೊರಗೆ ಕಳಿಸುವ ಬಗೆಗಳು. ತಕ್ಷಣ ಕೇಳಿತು. ಡಬ್ಬಿಯೊಳಗಿನ ಪುಸ್ತಕದಲ್ಲಿ ಇದನ್ನು ಎಲ್ಲೋ ಕೊನೆಯಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನೀವು ಕೊಂಡರೆ ಮೊದಲು ಇದನ್ನೇ ನೋಡಿ. ಕೆಟ್ಟ ಸೆಟ್ಟು ಕೊಟ್ಟಿದ್ದಾರೆ ಅಂತ ವಾಪಸ್ ಕಳಿಸಬೇಡಿ.

ಬ್ಲೂಟೂತ್ ಹೆಡ್‌ಫೋನ್ ಅರ್ಧ ಬೆಲೆಗೆ ಸಿಗುತ್ತಲ್ಲ, ಅದೇ ಸಾಲದಾ ಅಂತ ಕೇಳುವವರಿಗೆ ಉತ್ತರ: ಸಾಲದು. ಸೊಸೆಯದ್ದು ಒಂದಿದೆ, ಹಾಕಿ ನೋಡಿದ್ದೇನೆ. ನಮ್ಮ ಟಿವಿಗೆ ಜೋಡಿಸಿದರೆ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ಒಂದು ಕಣ್ರೆಪ್ಪೆ ಬಡಿಯುವಷ್ಟು ಹೊತ್ತು ಅಷ್ಟೇ. ಚೆನ್ನಾಗಿ ಕಿವಿ ಕೇಳುವವರಿಗೆ ಸ್ವಲ್ಪ ಕಿರಿಕಿರಿ ಆಗಬಹುದು, ಆಮೇಲೆ ಒಗ್ಗಿಹೋಗುತ್ತದೆ. ನನ್ನಂಥವನಿಗೆ ಅರ್ಧ ಮಾತು ಬರುವುದೇ ತುಟಿಯಿಂದ. ತುಟಿ ಒಂದು ಹೇಳಿ ಕಿವಿ ಒಂದು ಹೇಳಿದರೆ ಎರಡೂ ಕೈಬಿಟ್ಟುಹೋಗುತ್ತವೆ. ಹೆಡ್‌ಫೋನ್ ಇಲ್ಲದೆ ತಿಳಿಯುತ್ತಿದ್ದದ್ದೂ ತಿಳಿಯಲಿಲ್ಲ. ಈ ಸ್ಟ್ಯಾಂಡಿನ ಸೆಟ್ಟಿನದ್ದೂ ರೇಡಿಯೋ ತರಂಗವೇ, ಆದರೆ ಬ್ಲೂಟೂತ್ ಅಲ್ಲ. ಇದರಲ್ಲಿ ಕಣ್ಣಿಗೆ ಕಾಣುವಂಥ ತಡ ಇಲ್ಲ. ಬರೀ ಇದೊಂದು ಕಾರಣಕ್ಕೆ ಬೆಲೆ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ಮೊದಲು 'ಬಂಗಾರದ ಮನುಷ್ಯ' ಹಾಕಿದೆ. 1972ರ ಸಿನಿಮಾ. ರಾಚೂಟಪ್ಪನ ಪಾತ್ರ ಬಾಲಣ್ಣನದ್ದು. ಇದರ ಕಥೆ ಗೊತ್ತಿಲ್ಲದ ಕನ್ನಡದವರು ಯಾರಿದ್ದಾರೆ? ಅದಕ್ಕೇ ಇದು ಪರೀಕ್ಷೆಗೆ ಅಷ್ಟು ಒಳ್ಳೆಯದಲ್ಲ ಅಂತ ನೀವು ಹೇಳಬಹುದು. ಕಥೆ ಗೊತ್ತು, ಒಂದೊಂದು ಮಾತೂ ಬಾಯಿಗೆ ಬರುವುದಿಲ್ಲ. ಬರುವ ಕಡೆ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೆಡ್‌ಫೋನ್ ಇಲ್ಲದೆ ಒಂದು ಸಲ, ಹಾಕಿಕೊಂಡು ಇನ್ನೊಂದು ಸಲ ಅದೇ ದೃಶ್ಯ ನೋಡಿದೆ. ಹೆಡ್‌ಫೋನ್ ಇಲ್ಲದೆಯೂ ಬಾಲಣ್ಣನ ಮಾತು ಹತ್ತಿರ ಹತ್ತಿರ ಪೂರ್ತಿ ತಿಳಿಯಿತು. ರಾಜ್‌ಕುಮಾರ್ ಅವರದ್ದೂ ಬಹಳಷ್ಟು ತಿಳಿಯಿತು. ಸಣ್ಣಪುಟ್ಟ ಪಾತ್ರದವರು ಆಡಿದ್ದು ಅರ್ಧಕ್ಕೆ ಅರ್ಧ ಹೋಯಿತು. ಹೆಡ್‌ಫೋನ್ ಹಾಕಿಕೊಂಡ ಮೇಲೆ ಅವರದ್ದೂ ಸಿಕ್ಕಿತು. ಆದರೆ ಬಾಲಣ್ಣನಿಗೆ ಆದ ಲಾಭ ತೀರಾ ಕಡಿಮೆ.

ಇದರಲ್ಲಿ ಹೆಡ್‌ಫೋನಿನ ದೋಷ ಇಲ್ಲ. ಆ ಮನುಷ್ಯನಿಗೆ ಅದರ ಅಗತ್ಯವೇ ಇಲ್ಲ. ಕಂಪನಿ ನಾಟಕದಲ್ಲಿ ಪಳಗಿದ ನಾಲಿಗೆ ಅದು. ಡೇರೆಯ ಕೊನೆಯಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕು, ಇಲ್ಲದಿದ್ದರೆ ಅವನು ಸುಮ್ನೆ ಇರುವುದಿಲ್ಲ. ಬಾಲಣ್ಣ ಒಂದು ಅಕ್ಷರವನ್ನೂ ನುಂಗುವುದಿಲ್ಲ. ಮಾತಿನ ಕೊನೆಯನ್ನು ಕೆಳಗೆ ಬಿಡುವ ಬದಲು ಮೇಲಕ್ಕೆ ಎಳೆಯುತ್ತಾರೆ. ಆ ಎಳೆತ ಇದೆಯಲ್ಲ, ಮೂಗಿನಿಂದ ಸ್ವಲ್ಪ ಕೊಂಕು ಸೇರಿಸಿಕೊಂಡು ಬರುವ ಎಳೆತ, ಅದನ್ನು ಎಲ್ಲರೂ ಅವರ ಹಾಸ್ಯದ ವರಸೆ ಅಂತ ಅನುಕರಣೆ ಮಾಡುತ್ತಾರೆ. ನನ್ನ ಕಿವಿಗೆ ಅದು ಹಾಸ್ಯಕ್ಕಿಂತ ಹೆಚ್ಚಾಗಿ ಉಪಕಾರ. ಕೊನೆಯ ಪದ ಕೈಗೆ ಸಿಕ್ಕಿದರೆ ಹಿಂದಿನದನ್ನು ಊಹೆ ಮಾಡಿಕೊಳ್ಳಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ತಾನೇ ಬರುವುದು? ಈಗಿನವರು ಸಹಜವಾಗಿ ಮಾತಾಡುತ್ತೇವೆ ಅಂತ ಅದನ್ನೇ ನುಂಗಿಬಿಡುತ್ತಾರೆ. ಮಾಡಿದನಾ, ಮಾಡಲಿಲ್ಲವಾ, ಗೊತ್ತೇ ಆಗುವುದಿಲ್ಲ.

ಅಡುಗೆಮನೆ ಪರೀಕ್ಷೆಯನ್ನೂ ಮಾಡಿದೆ. ಹೆಡ್‌ಫೋನ್ ಹಾಕಿಕೊಂಡೇ ನೀರು ಕುಡಿಯಲು ಒಳಗೆ ಹೋದೆ. ಈಗ ತುಟಿ ಕಾಣುವುದಿಲ್ಲ, ಬರೀ ಕಿವಿ. ಬೇರೆಯವರ ಮಾತು ಮತ್ತೆ 'ಆಕು' ಆಯಿತು. ಬಾಲಣ್ಣ ಮಾತ್ರ ಅಲ್ಲಿಗೂ ಬಂದರು. ಹಿತ್ತಲಿಗೆ ಹೋದರೂ ಸಿಗ್ನಲ್ ಬರುತ್ತದೆ, ನಡುವೆ ಎರಡು ಗೋಡೆ ಬಂದರೆ ಕತ್ತರಿಸಿ ಕತ್ತರಿಸಿ ಬರುತ್ತದೆ. ಸೊಸೆ ಮೈಕ್ರೋವೇವ್ ಓವನ್ ಹಾಕಿದಾಗಲೂ ಗರಗರ ಅನ್ನುತ್ತದೆ.

ಆ ದಿನ ಬಾಲಣ್ಣನ ಕಣ್ಣನ್ನೂ ಸ್ವಲ್ಪ ಗಮನವಿಟ್ಟು ನೋಡಿದೆ. ಮಾತು ತಿಳಿಯುವ ಕಷ್ಟ ತಪ್ಪಿದಾಗ ಬೇರೆ ನೋಡಲು ಪುರುಸೊತ್ತು ಸಿಗುತ್ತದೆ, ಅಲ್ವಾ? ಎದುರಿನವರು ಮಾತಾಡುವಾಗ ಸಾಮಾನ್ಯ ನಟ ಏನು ಮಾಡುತ್ತಾನೆ? ನೆಲ ನೋಡುತ್ತಾನೆ, ಅತ್ತಿತ್ತ ನೋಡುತ್ತಾನೆ, ತಲೆ ಆಡಿಸುತ್ತಾನೆ. ಬಾಲಣ್ಣ ಹಾಗಲ್ಲ. ಅವರ ಕಣ್ಣು ಎದುರಿನವರ ಬಾಯಿ ಹತ್ತಿರ ನಿಂತುಬಿಡುತ್ತದೆ. ಮಾತು ಮುಗಿಯುವ ತನಕ ಕದಲುವುದಿಲ್ಲ. ಮುಗಿದ ಕೂಡಲೇ ಹುಬ್ಬು ಮೇಲೆ ಹೋಗುತ್ತದೆ, ಆಮೇಲೆ ಮಾತು. ನಾನು ಮಿಲ್ಲಿನಲ್ಲಿ ಮಾಡುತ್ತಿದ್ದದ್ದೂ ಇದೇ ಆದ್ದರಿಂದ ನನಗೆ ಥಟ್ಟನೆ ಹೊಳೆಯಿತು. ಅದು ಅಭಿನಯಕ್ಕಿಂತ ಮೊದಲು ಅಗತ್ಯ.

ಆದರೆ ಅದೇ ನೋಟ ಪಾತ್ರ ಬದಲಾದಂತೆ ಬೇರೆಯೇ ಆಗುತ್ತದೆ ನೋಡಿ. ಹಾಸ್ಯದಲ್ಲಿ ಅದು ಎದುರಿನವನ ಜೇಬಿಗೆ ಹೊಂಚು ಹಾಕುವವನ ನೋಟ. ಕೇಡಿಗನ ಪಾತ್ರದಲ್ಲಿ ಅದೇ ಕದಲದ ಕಣ್ಣು ನೋಡಿದರೆ ಮೈ ಜುಮ್ಮೆನ್ನುತ್ತದೆ. ಮನೆ ಒಡೆಯುವ ಮಾತನ್ನು ಬೆಣ್ಣೆಯಂತೆ ಹೇಳಿ ಇನ್ನೊಬ್ಬರ ಮುಖದಲ್ಲಿ ಅದು ಎಷ್ಟು ನಾಟಿತು ಅಂತ ನೋಡುವವನ ಕಣ್ಣು. ರಾಚೂಟಪ್ಪನಲ್ಲಿ ಅದು ಅಕ್ಕರೆ. ಬೈಯುತ್ತಿದ್ದರೂ ಕಣ್ಣು ಮಾತ್ರ ರಾಜ್‌ಕುಮಾರ್ ಮಾಡಿದ ರಾಜೀವನ ಮುಖ ಬಿಟ್ಟು ಹೋಗುವುದಿಲ್ಲ. ಹಾಸ್ಯ, ಕೇಡಿತನ, ಹಿರಿತನ ಮೂರನ್ನೂ ಒಬ್ಬರೇ ಮಾಡಿದರು ಅಂತ ಹೊಗಳುತ್ತಾರೆ. ಹೇಗೆ ಮಾಡಿದರು ಅಂತ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಕಿವಿಗಾಗಿ ಮಾಡಿಕೊಂಡ ಅಭ್ಯಾಸವನ್ನೇ ಮೂರು ಥರ ತಿರುಗಿಸಿದರು. ವೇಷ ಭಾಷೆ ಬದಲಾಯಿಸಿದ್ದು ಆಮೇಲಿನ ಮಾತು.

ಇದು ನನ್ನ ಊಹೆ. ಸಿನಿಮಾ ಹಾಕಿ ನೀವೇ ನೋಡಿ.

ಎರಡನೆಯದು 'ರಣಧೀರ ಕಂಠೀರವ'. 1960ರದ್ದು, ಕಪ್ಪು ಬಿಳುಪು. ಇದರ ಹಿಂದಿನ ಕಥೆ ಸಿನಿಮಾದಷ್ಟೇ ಚೆನ್ನಾಗಿದೆ. ಕಲಾವಿದರಿಗೆ ಕೆಲಸ ಇಲ್ಲದ ಕಾಲ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿ, ಈ ಸಿನಿಮಾ ತೆಗೆದರು. ನಾಟಕ ಬಿಟ್ಟು ಸಿನಿಮಾಕ್ಕೆ ಬಂದವರು ಸಿನಿಮಾ ಉಳಿಸಿಕೊಳ್ಳಲು ಮತ್ತೆ ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತರು.

ಹೆಡ್‌ಫೋನ್ ಸೋತದ್ದು ಇಲ್ಲಿ. ಹಳೆಯ ಪ್ರಿಂಟಿನ ಸುರ್ ಅನ್ನುವ ಸದ್ದು ಇರುತ್ತದಲ್ಲ, ಅದು ಟಿವಿಯ ಸ್ಪೀಕರಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಹೆಡ್‌ಫೋನಿನಲ್ಲಿ ಕಿವಿಯ ಪಕ್ಕದಲ್ಲೇ ಯಾರೋ ಒಗ್ಗರಣೆ ಹಾಕುತ್ತಿರುವ ಹಾಗಿರುತ್ತದೆ. ಬಲಗಡೆ ಒಂದು ಗುಂಡಿ ಇದೆ, ಒತ್ತಿದರೆ ಮಾತನ್ನು ಎತ್ತಿ ತೋರಿಸುತ್ತದೆ. ಸ, ಶ, ಚ ಇರುವ ಜಾಗವನ್ನು ಜಾಸ್ತಿ ಮಾಡುವ ಗುಂಡಿ ಅದು. ಹಳೆಯ ಪ್ರಿಂಟಿನ ಸುರ್ ಕೂಡ ಅಲ್ಲೇ ವಾಸ. ಹಾಗಾಗಿ ಗುಂಡಿ ಒತ್ತಿದರೆ ಮಾತಿನ ಜೊತೆ ಅದೂ ಏಳುತ್ತದೆ. ಬಹಳ ಹಳೆಯ ಸಿನಿಮಾಕ್ಕೆ ಆ ಗುಂಡಿ ಮುಟ್ಟಬೇಡಿ. ವಾಲ್ಯೂಮ್ ಸ್ವಲ್ಪ ಏರಿಸಿಕೊಂಡರೆ ಸಾಕು. ಮಾತು ಸ್ಪಷ್ಟವಾಗಿ ಆಡುವವರೇ ಇರುವುದರಿಂದ ತೊಂದರೆ ಇಲ್ಲ.

ಹೊಸ ಸಿನಿಮಾಕ್ಕೆ ಬಂದರೆ ಲೆಕ್ಕ ತಿರುಗಾಮುರುಗಾ. ಹೆಸರು ಬೇಡ, ಯಾವುದಾದರೂ ಈಗಿನ ದೊಡ್ಡ ಸಿನಿಮಾ ಅಂತ ಇಟ್ಟುಕೊಳ್ಳಿ. ಹೀರೋ ಗಡ್ಡದೊಳಗೆ ಮಾತಾಡುತ್ತಾನೆ, ತುಟಿ ಕಾಣುವುದಿಲ್ಲ. ಹಿಂದೆ ಡೋಲು ನಗಾರಿ. ಥಿಯೇಟರಿನಲ್ಲಿ ಮಾತಿಗೆ ಅಂತಲೇ ನಡುವೆ ಬೇರೆ ಸ್ಪೀಕರ್ ಇರುತ್ತದೆ. ಮನೆ ಟಿವಿಯಲ್ಲಿ ಅದೆಲ್ಲ ಎರಡೇ ಸ್ಪೀಕರಿಗೆ ಬಂದು ಕಲಸಿಹೋಗುತ್ತದೆ. ಮುಂಚೆ ನಾನು ಇಂಥ ಸಿನಿಮಾ ಬರೀ ಹೊಡೆದಾಟಕ್ಕೆ ನೋಡುತ್ತಿದ್ದೆ. ಹೆಡ್‌ಫೋನ್ ಹಾಕಿ ಆ ಗುಂಡಿ ಒತ್ತಿದ ಮೇಲೆ ಯಾರು ಯಾರಿಗೆ ಅಪ್ಪ ಅನ್ನುವುದಾದರೂ ತಿಳಿಯುತ್ತಿದೆ. ಪೂರ್ತಿ ತಿಳಿಯುತ್ತದೆ ಅಂತ ಹೇಳಲಾರೆ. ಆದರೂ ಎಂಟು ಸಾವಿರ ಇಲ್ಲಿ ವಸೂಲಾಯಿತು. ವಾರ್ತೆಗೆ, ಕ್ರಿಕೆಟ್ ಕಾಮೆಂಟರಿಗೆ ಬಹಳ ಚೆನ್ನಾಗಿದೆ, ಅದರ ಬಗ್ಗೆ ಹೇಳುವುದೇನೂ ಇಲ್ಲ.

ಮನೆಯಲ್ಲಿ ಆದ ದೊಡ್ಡ ಉಪಕಾರ ಬೇರೆ. ನಮ್ಮ ಟಿವಿಗೆ ಆಪ್ಟಿಕಲ್ ವೈರಿನಿಂದ ಜೋಡಿಸಿದರೆ ಅದರ ಸ್ಪೀಕರ್ ನಿಲ್ಲುವುದಿಲ್ಲ. ನನ್ನ ವಾಲ್ಯೂಮ್ ಕಿವಿಯ ಮೇಲಿನ ಚಕ್ರದಲ್ಲಿ, ಮನೆಯವಳದ್ದು ರಿಮೋಟಿನಲ್ಲಿ. ಸ್ಪೀಕರ್ ಪೂರ್ತಿ ಮ್ಯೂಟ್ ಮಾಡಿದರೂ ನನಗೆ ಕೇಳುತ್ತದೆ. ಮಧ್ಯಾಹ್ನ ಅವಳು ಮಲಗಿದಾಗ ನಾನು ಹಳೆಯ ಸಿನಿಮಾ ನೋಡಬಹುದು. 'ಟಿವಿ ಸಣ್ಣಗೆ ಮಾಡ್ರೀ' ಅನ್ನುವ ಮಾತು ಮನೆಯಲ್ಲಿ ನಿಂತಿದೆ. ಅದರ ಬದಲು 'ಎಷ್ಟು ಸಲ ಕರೀಬೇಕು ನಿಮ್ಮನ್ನ' ಶುರುವಾಗಿದೆ. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುತ್ತದೆ. ಕುಕ್ಕರ್ ಕೂಗಿದ್ದು, ಬಾಗಿಲು ಬಡಿದದ್ದು ಯಾವುದೂ ಗೊತ್ತಾಗುವುದಿಲ್ಲ. ಮೊಮ್ಮಗ ಟಿವಿ ಮುಂದೆ ಬಂದು ಕೈ ಬೀಸಿದರೆ ಊಟ ಆಗಿದೆ ಅಂತ ಅರ್ಥ. ಒಂಟಿಯಾಗಿ ಮನೆಯಲ್ಲಿರುವ ಹಿರಿಯರಿಗೆ ಕೊಡುವವರು ಇದನ್ನು ಯೋಚನೆ ಮಾಡಿ.

ಕುಂದುಕೊರತೆ ಇನ್ನೂ ಇವೆ. ಕಿವಿಗೆ ಹಾಕುವ ಹಿಯರಿಂಗ್ ಏಡ್ ಇಟ್ಟುಕೊಂಡೇ ಇದನ್ನು ಹಾಕಿದರೆ ಕುಯ್ ಅಂತ ಸಿಳ್ಳೆ ಹೊಡೆಯುತ್ತದೆ. ನಾನು ಏಡ್ ತೆಗೆದಿಟ್ಟು ಇದನ್ನು ಹಾಕುತ್ತೇನೆ. ಇದು ಹಿಯರಿಂಗ್ ಏಡ್‌ಗೆ ಬದಲಿ ಅಲ್ಲ, ಅಂಗಡಿಯವರು ಹಾಗೆ ಹೇಳಿದರೆ ನಂಬಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಚಕ್ರವನ್ನು ಅರ್ಧಕ್ಕಿಂತ ಮೇಲೆ ತಿರುಗಿಸಬೇಡಿ. ಗದ್ದಲದಿಂದ ಕೆಟ್ಟ ಕಿವಿಗೆ ಇನ್ನಷ್ಟು ಗದ್ದಲ ತುಂಬಿದರೆ ಉಳಿದದ್ದೂ ಹೋಗುತ್ತದೆ. ತಲೆಯ ಮೇಲಿನ ಪಟ್ಟಿ ಸಡಿಲ, ಬಗ್ಗಿದರೆ ಜಾರುತ್ತದೆ. ಸರ್ವಿಸ್ ಬಗ್ಗೆ ಕೇಳಲೇಬೇಡಿ. ಫೋನ್ ಮಾಡಿದರೆ ಹಿಂದಿಯಲ್ಲಿ ಒಂದು ಒತ್ತಿ, ಎರಡು ಒತ್ತಿ ಅನ್ನುತ್ತದೆ. ಕಿವಿ ಕೇಳದವರಿಗೆ ಮಾರುವ ವಸ್ತುವಿಗೆ ದೂರನ್ನು ಫೋನಿನಲ್ಲೇ ಹೇಳಬೇಕಂತೆ!

ಬಾಲಣ್ಣನ ಸ್ಟುಡಿಯೋ ಮಾತನ್ನೂ ಹೇಳಿಬಿಡುತ್ತೇನೆ. ಬಾಲಣ್ಣ ದುಡಿದದ್ದನ್ನೆಲ್ಲ ಹಾಕಿ ಬೆಂಗಳೂರಿನ ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋ ಕಟ್ಟಿದರು. ಕನ್ನಡ ಸಿನಿಮಾಗಳು ಮದರಾಸಿಗೆ ಹೋಗಿ ತಯಾರಾಗುತ್ತಿದ್ದ ಕಾಲದ ಕನಸು ಅದು. ಅದರಿಂದ ಅವರಿಗೆ ಸಿಕ್ಕಿದ್ದು ಸುಖಕ್ಕಿಂತ ಸಾಲವೇ ಜಾಸ್ತಿ. 1995ರಲ್ಲಿ ತೀರಿಕೊಂಡರು. ಇವತ್ತು ಆ ಸ್ಟುಡಿಯೋ ಹೆಸರು ಹೇಳಿದರೆ ಜನಕ್ಕೆ ವಿಷ್ಣುವರ್ಧನ್ ಅಂತ್ಯಕ್ರಿಯೆ ನಡೆದ ಜಾಗ ಅಂತ ನೆನಪಾಗುತ್ತದೆ. ಕಟ್ಟಿದವರು ನೆನಪಾಗುವುದು ಕಡಿಮೆ. ಹೀರೋಗಳ ಸಿನಿಮಾ ಅಂತ ಹುಡುಕಿದರೆ ಪಟ್ಟಿ ಬರುತ್ತದೆ. ಬಾಲಣ್ಣನ ಸಿನಿಮಾ ಅಂತ ಹುಡುಕಿದರೆ ಹಾಸ್ಯದ ತುಣುಕು ಮಾತ್ರ ಬರುತ್ತದೆ. ಪೂರ್ತಿ ಸಿನಿಮಾ ಬೇಕಾದರೆ ರಾಜ್‌ಕುಮಾರ್ ಹೆಸರಲ್ಲೇ ಹುಡುಕಬೇಕು.

ಕೊಳ್ಳುವವರಿಗೆ ಒಂದು ಮಾತು. ಅಂಗಡಿಗೆ ಹೋದರೆ ಅವರು ಹಾಡು ಹಾಕಿ ತೋರಿಸುತ್ತಾರೆ. ಬೇಡ ಅನ್ನಿ. ನಾಲ್ಕು ಜನ ಮಾತಾಡುವ ದೃಶ್ಯ ಹಾಕಿಸಿ, ಐದು ನಿಮಿಷ ಕಣ್ಣು ಮುಚ್ಚಿಕೊಂಡು ಕೇಳಿ, ಆಮೇಲೆ ಕಣ್ಣು ಬಿಟ್ಟು ತುಟಿಗೂ ಮಾತಿಗೂ ತಾಳೆ ಆಗುತ್ತದಾ ನೋಡಿ. ಹಳೆಯ ಸಿನಿಮಾ ಮಾತ್ರ ನೋಡುವವರಾದರೆ ಇಷ್ಟು ದುಡ್ಡು ಖರ್ಚು ಮಾಡಬೇಡಿ, ಟಿವಿ ಹತ್ತಿರ ಕುರ್ಚಿ ಎಳೆದುಕೊಳ್ಳಿ, ಬಾಲಣ್ಣನಂಥವರು ಉಳಿದದ್ದನ್ನು ನೋಡಿಕೊಳ್ಳುತ್ತಾರೆ. ಸೀರಿಯಲ್, ವಾರ್ತೆ, ಹೊಸ ಸಿನಿಮಾ ನೋಡುವವರು ಧೈರ್ಯವಾಗಿ ಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಕಿವಿಯ ದಿಂಬಿನ ರೆಕ್ಸಿನ್‌ಗೆ. ಬೇಸಿಗೆಯಲ್ಲಿ ಬೆವರಿಗೆ ಅಂಟುತ್ತದೆ, ಆಗಲೇ ಸಿಪ್ಪೆ ಏಳುತ್ತಿದೆ, ಬೇರೆ ದಿಂಬು ಬಿಡಿಯಾಗಿ ಸಿಗುವುದಿಲ್ಲ. ಮನೆಯವಳು ಹಳೆಯ ಪಂಚೆ ಹರಿದು, ಎಲಾಸ್ಟಿಕ್ ಹಾಕಿ, ಎರಡು ಗವಸು ಹೊಲಿದುಕೊಟ್ಟಿದ್ದಾಳೆ. ಒಗೆಯಲೂ ಬರುತ್ತದೆ.